ಅನ್ನಪೂರ್ಣ ಕೂತರೆ ನಿಲ್ಲುವ ಗಾಡಿ

ಸಂತೆಯ ದಿನ ಅನ್ನಪೂರ್ಣ ಗಾಡಿಯ ಮುಂದಿನ ಸೀಟಿಗೆ ಹತ್ತುವ ಹೊತ್ತಿಗೆ ಒಬ್ಬ ಹೆಂಗಸಿನ ಇಡೀ ದಿನದ ಕೆಲಸ ಮುಗಿದಿರುತ್ತಿತ್ತು. ನಳ ಬಂದಿದ್ದರೆ ನೀರು ತುಂಬಿ, ಬರದಿದ್ದರೆ ತಂದು ತುಂಬಿ, ರೊಟ್ಟಿ ಬಡಿದು, ಪಲ್ಯ ಮಾಡಿ ಮುಚ್ಚಿಟ್ಟು, ಅತ್ತೆ ಸಕ್ಕೂಬಾಯಿಯ ಮೊಣಕಾಲಿಗೆ ಎಣ್ಣೆ ತಿಕ್ಕಿ, ಮೈದುನ ಶರತನ ಮಗ್ಗಕ್ಕೆ ಸಂಜೆಯವರೆಗೆ ಸಾಲುವಷ್ಟು ಕಂಡಿಕೆ ಸುತ್ತಿ ಬುಟ್ಟಿಗೆ ಹಾಕಿರುತ್ತಿದ್ದಳು. ಕಂಡಿಕೆ ಅಂದರೆ ಲಾಳಿಯೊಳಗೆ ಕೂರುವ ನೂಲಿನ ಉರುಳೆ. ಅದು ಮುಗಿದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಶರತ ಕಾಲಿಳಿಬಿಟ್ಟು ಕೂರುವ ಮಗ್ಗದ ಕುಳಿಯಿಂದಲೇ ಕೂಗುತ್ತಾನೆ. ಕೂಗು ಕೇಳಿದ ಮೇಲೆ ಒಲೆಯ ಮುಂದಿದ್ದರೂ, ಬಚ್ಚಲಲ್ಲಿದ್ದರೂ ಎದ್ದು ಹೋಗಬೇಕು.

ಜೋಳದ ಡಬ್ಬಿಗೆ ಕೈ ಹಾಕಿದಾಗಲೆಲ್ಲ ಬೆರಳಿಗೆ ಒಂದು ಸಣ್ಣ ಗಂಟು ತಾಕುತ್ತಿತ್ತು. ಅತ್ತೆ ಕಟ್ಟಿದ ಬನ್ನಿ. ದಸರೆಯಲ್ಲಿ ಊರೆಲ್ಲ ಬನ್ನಿ ಎಲೆ ಕೊಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತದೆ. ಸಕ್ಕೂಬಾಯಿ ಆ ಎಲೆಯನ್ನು ಮಗ್ಗದ ಮೇಲೆ ಉಳಿದ ಸೆರಗಿನ ಚಿಂದಿಯಲ್ಲಿ ಸುತ್ತಿ, ಎರಡು ಗಂಟು ಹಾಕಿ, ಮನೆಯ ಹೊಟ್ಟೆ ತುಂಬಿಸುವ ಎಲ್ಲದರೊಳಗೂ ಇಡುತ್ತಿದ್ದಳು. ಜೋಳದ ಡಬ್ಬಿಯಲ್ಲಿ ಒಂದು, ಸೀರೆಯ ಟ್ರಂಕಿನಲ್ಲಿ ಒಂದು, ಮಗ್ಗದ ಕುಳಿಯಲ್ಲಿ ಒಂದು. ಅನ್ನಪೂರ್ಣ ಅದನ್ನು ಪಕ್ಕಕ್ಕೆ ಸರಿಸಿ ಜೋಳ ತೆಗೆದು, ಮತ್ತೆ ನಡುವೆ ಇಡುತ್ತಿದ್ದಳು.

ಅವಳು ಸೂಡಿಯವಳು. ಗಜೇಂದ್ರಗಡಕ್ಕೆ ಮದುವೆಯಾಗಿ ಬಂದಾಗ ಗಂಡ ಪರಪ್ಪ ಮಗ್ಗದ ಮೇಲೆ ಕೂರುತ್ತಿದ್ದ. ಬೆನ್ನು ಹಿಡಿದುಕೊಂಡ ಮೇಲೆ ಮಗ್ಗ ತಮ್ಮನಿಗೆ ಬಿಟ್ಟು, ರೋಣದ ಕಾಯಿಪಲ್ಯೆ ವ್ಯಾಪಾರಿಯೊಬ್ಬ ಓಡಿಸಿ ಸಾಕಾಗಿ ಮಾರಿದ ಹಳೆಯ ಡೀಸೆಲ್ ಪಿಕಪ್ ತಂದ. ದಿನಾಲೂ ಊರೊಳಗೆ ನೂಲಿನ ಗಂಟು, ಸಿಮೆಂಟು, ಕಪಾಟು, ಯಾರೋ ಕರೆದರೆ ಕುರಿ. ಸಂತೆಯ ದಿನ ಮಾತ್ರ ಸೀರೆ ಹೇರಿಕೊಂಡು ದೂರದ ದಾರಿ: ರೋಣ, ಯಾವಗಲ್, ನರಗುಂದ.

ಮೊದಮೊದಲು ಅವನೊಬ್ಬನೇ ಹೋದ. ಹೆಂಗಸರು ಅವನೆದುರು ಸೀರೆಯ ಮಡಿಕೆ ಬಿಚ್ಚಿ, ಮೈಮೇಲೆ ಹೊದ್ದು ನೋಡಲು ನಾಚಿ, ಮುಟ್ಟಿ ಹೋಗಿಬಿಡುತ್ತಿದ್ದರು. ಆಮೇಲೆ ಅನ್ನಪೂರ್ಣಳನ್ನು ಕರೆದುಕೊಂಡು ಹೋದ. ಅವಳು ತನ್ನ ಹೆಗಲ ಮೇಲೇ ಸೆರಗು ಹಾಕಿ ತೋರಿಸಿದಳು, ಈ ಬಣ್ಣ ಎರಡು ಒಗೆತಕ್ಕೆ ಬಿಡುತ್ತದೆ ಬೇಡ, ಅದನ್ನು ತಗೊಳ್ರಿ ಎಂದು ಖರೇ ಹೇಳಿದಳು. ಹೆಂಗಸರು ಕೂತರು. ಪಕ್ಕದಲ್ಲಿ ಬಳೆ ಮಾರುವ ಮಾಬೂಬಿ, "ಸೀರಿ ಆಕಿ ಕಡೆ, ಬಳಿ ನನ್ನ ಕಡೆ. ಗಂಡನ್ನ ಅಷ್ಟ ಮನ್ಯಾಗಿಂದ ತರ್ರಿ," ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು. ಅವರಿಬ್ಬರ ಜಾಗ ನರಗುಂದದಲ್ಲಿ ಒಂದು ಬೇವಿನ ಗಿಡದ ನೆರಳು. ಅನ್ನಪೂರ್ಣ ಬರುವುದು ತಡವಾದರೆ ಮಾಬೂಬಿ ತನ್ನ ಗೋಣಿತಟ್ಟನ್ನು ಅಗಲ ಹಾಸಿ ಎರಡೂ ಜಾಗ ಹಿಡಿಯುತ್ತಿದ್ದಳು.

ಆದರೆ ಅನ್ನಪೂರ್ಣಳಿಗೆ ಸಂತೆಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಆ ಮುಂದಿನ ಸೀಟು. ರೆಗ್ಜಿನ್ ಹರಿದು ಸ್ಪಂಜು ಹೊರಬಂದಿತ್ತು. ಕಿಟಕಿಯ ಗಾಜು ಅರ್ಧಕ್ಕೆ ನಿಂತದ್ದು ಮೇಲೂ ಹೋಗುತ್ತಿರಲಿಲ್ಲ, ಕೆಳಗೂ ಬರುತ್ತಿರಲಿಲ್ಲ. ಅಲ್ಲಿ ಕೂತಾಗ ಅವಳ ಕೈಗೆ ಕೆಲಸವಿರಲಿಲ್ಲ. ಹುಟ್ಟಿದ ಮನೆಯಲ್ಲೂ ಕೊಟ್ಟ ಮನೆಯಲ್ಲೂ ಸಿಗದ, ಕೈ ಸುಮ್ಮನೆ ತೊಡೆಯ ಮೇಲೆ ಬಿದ್ದಿರುವ ಜಾಗ ಅದೊಂದೇ. ಕರಿ ಎರೆಹೊಲಗಳು ಹಿಂದೆ ಹೋಗುತ್ತಿದ್ದವು. ಅವಳು ನೋಡುತ್ತಿದ್ದಳು.

ದೀಪಾವಳಿ ಮುಗಿದ ಮೇಲಿನ ಒಂದು ಸಂತೆಯ ದಿನ, ಯಾವಗಲ್ ದಾಟಿದ ಮೇಲೆ ಗಾಡಿ ನಿಂತಿತು. ಒಮ್ಮೆಲೇ ಅಲ್ಲ. ದಮ್ಮು ಹತ್ತಿದವರ ಹಾಗೆ ಎಳೆದು, ಜಗ್ಗಾಡಿ, ಸಪ್ಪಳ ಸಣ್ಣದಾಗಿ, ಆರಿಹೋಯಿತು. ಪರಪ್ಪ ಎಷ್ಟು ಕೀಲಿ ತಿರುವಿದರೂ ಎಂಜಿನ್ ಗಿರಗಿರ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಬಾನೆಟ್ ಎತ್ತಿ, ಅದನ್ನು ಇದನ್ನು ಮುಟ್ಟಿ, ಬಯ್ದು, ಒಂದು ಬೀಡಿ ಸೇದಿ ಮುಗಿಸಿ ಮತ್ತೆ ಕೀಲಿ ತಿರುವಿದ. ಏನೂ ಆಗದವರ ಹಾಗೆ ಚಾಲೂ ಆಯಿತು.

ಮುಂದಿನ ಸಂತೆಗೆ ಚಿಕ್ಕನರಗುಂದದ ಹತ್ತಿರ ನಿಂತಿತು. ಒಂದು ಸಲ ನಿಲ್ಲಲಿಲ್ಲ. ಅದರ ಮುಂದಿನ ಸಲ ಹೋಗುವಾಗಲೂ ಬರುವಾಗಲೂ ನಿಂತಿತು. ಊರೊಳಗೆ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಇದನ್ನು ಮೊದಲು ಗಮನಿಸಿ ಹೇಳಿದವಳು ಸಕ್ಕೂಬಾಯಿ. "ದಿನಾ ಓಡತೈತಿ. ಈಕಿ ಕುಂತ ದಿನಾನ ಯಾಕ ನಿಲ್ಲತೈತಿ? ಹೇಳು ನೋಡೂಣು."

"ಹಂಗೇನಿಲ್ಲಬೇ ಅವ್ವಾ," ಎಂದ ಪರಪ್ಪ, ರೊಟ್ಟಿ ಮುರಿಯುತ್ತ.

"ನನಗೇನ ಗೊತ್ತಪಾ, ನಾ ಮುದುಕಿ. ಕಣ್ಣಿಗೆ ಕಂಡದ್ದ ಹೇಳಿದ್ನಿ. ಬಾಗಲದಾಗಿನ ಗಾಡಿ ಹೆಂಗಸ್ರು ಹತ್ತೂದಕ್ಕ ಅಲ್ಲ."

ಅನ್ನಪೂರ್ಣ ತಾಟಿಗೆ ಪಲ್ಯ ಬಡಿಸುತ್ತಿದ್ದಳು. ಬಾಯಿ ತೆರೆದರೆ ಜಗಳ, ತೆರೆಯದಿದ್ದರೆ ಒಪ್ಪಿಗೆ. ಅವಳು ಇನ್ನೊಂದು ಸೌಟು ಬಡಿಸಿದಳು.

ಪರಪ್ಪ ನಂಬಲಿಲ್ಲ. ಆದರೆ ನಂಬದ ಮಾತಿನ ಪ್ರಕಾರ ನಡೆಯುವುದು ಅವನಿಗೆ ಕಷ್ಟವೂ ಆಗಲಿಲ್ಲ. ಸಂಕ್ರಮಣ ಕಳೆದ ಮೇಲೆ ಒಂದು ಸಂತೆಯ ಹಿಂದಿನ ದಿನ ಅವಳಿಗೆ ಹೇಳಿದ, "ನಾಳೆ ಶರತ ಬರ್ಲಿ. ಅವ್ವನ ಮನಸ್ಸಿಗೆ ಸಮಾಧಾನ ಆಗ್ಲಿ. ಒಂದಷ್ಟ ದಿನ ಅಷ್ಟ."

"ಜಾಗಾ ಹೋಗತೈತ್ರಿ. ಮಾಬೂಬಿ ಎಷ್ಟಂತ ಹಿಡೀತಾಳ?"

"ಎಲ್ಲಿ ಹೋಗತೈತಿ ಜಾಗಾ? ಅದೇನ್ ಓಡಿ ಹೋಗೂದ?"

ಶರತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸೀಟಿಗೆ ಹತ್ತಿದ. ಇಸ್ತ್ರಿ ಮಾಡಿದವಳು ಅನ್ನಪೂರ್ಣ. ಅವತ್ತು ಗಾಡಿ ನಿಲ್ಲಲಿಲ್ಲ. ಸಂಜೆ ಸಕ್ಕೂಬಾಯಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತ ಸೊಸೆಯ ಕಡೆ ನೋಡಿದಳು, ಸಾಕಾಗಿತ್ತು.

ಮುಂದಿನ ಸಂತೆಗೆ ಶರತ ಕೂತಿದ್ದಾಗಲೇ ಯಾವಗಲ್ಲಿನ ಈಚೆ ನಿಂತಿತು. ಸುಡುವ ಬಿಸಿಲಿನಲ್ಲಿ ಅಣ್ಣ ತಮ್ಮ ಇಬ್ಬರೂ ನೂಕಿದರು. ಮನೆಗೆ ಬಂದು ಹೇಳಿದಾಗ ಸಕ್ಕೂಬಾಯಿ, "ಡೀಸೆಲ್ಲದಾಗ ಏನರೆ ಕಲಬೆರಕಿ ಇರಬೇಕು. ಇಲ್ಲಾ ಎಂಜಿನ್ನಕ್ಕ ವಯಸ್ಸಾತು. ಮೇಸ್ತ್ರಿಗೆ ತೋರ್ಸು," ಎಂದಳು.

ಹೆಂಗಸು ಕೂತಾಗ ಕಾಲ್ಗುಣ, ಗಂಡಸು ಕೂತಾಗ ಡೀಸೆಲ್. ಅನ್ನಪೂರ್ಣ ಕಂಡಿಕೆ ಸುತ್ತುತ್ತಿದ್ದಳು. ನೂಲು ಹರಿಯಿತು. ಗಂಟು ಹಾಕಿ ಮುಂದುವರಿಸಿದಳು.

ಮೇಸ್ತ್ರಿ ಆಫ್ತಾಬನ ಗ್ಯಾರೇಜು ರೋಣ ರಸ್ತೆಯಲ್ಲಿ. ಹಿಂದೊಮ್ಮೆ ಅವನೇ ಡೀಸೆಲ್ ಫಿಲ್ಟರ್ ಬದಲಿಸಿದ್ದ, ಪೈಪಿನೊಳಗೆ ಗಾಳಿ ಹೊಕ್ಕುತ್ತಿರಬಹುದೆಂದು ವಾಶರುಗಳನ್ನು ಹೊಸದು ಹಾಕಿದ್ದ. ಗಾಡಿ ಊರೊಳಗೆ ಚೆನ್ನಾಗಿಯೇ ಓಡಿದ್ದರಿಂದ ರಿಪೇರಿ ಆಯಿತೆಂದು ಎಲ್ಲರೂ ತಿಳಿದಿದ್ದರು. ಈ ಸಲ ಅವನು ಮನೆಗೇ ಬಂದ. ನಟ್ಟು ಬಿಚ್ಚುವ ಪಾನಾ ತೆಗೆಯುವ ಮೊದಲು ಕೇಳಿದ, "ಪರಪ್ಪಣ್ಣ, ಯಾವಾಗ ನಿಲ್ಲತೈತಿ? ಏರಿನ್ಯಾಗೋ, ಇಳಕಲದಾಗೋ?"

"ಎಲ್ಲೆಂದ್ರಲ್ಲೆ ನಿಲ್ಲತೈತಿ ಮಾರಾಯಾ. ಅದಕ್ಕೇನ್ ಮಾಪ ಐತಿ?"

"ಎಷ್ಟೊತ್ತಿಗೆ ಮತ್ತ ಚಾಲೂ ಆಗತೈತಿ?"

"ಅದರ ಮನಸ್ಸಿಗೆ ಬಂದಾಗ."

ಅನ್ನಪೂರ್ಣ ಚಹಾ ತಂದಿದ್ದಳು. ಕಪ್ಪು ಕೊಟ್ಟು ಹೋಗಬೇಕಾದವಳು ನಿಂತಳು. "ಏರೂ ಅಲ್ಲ, ಇಳಕಲಾನೂ ಅಲ್ಲ. ನಿಲ್ಲದಂಗ ಭಾಳ ದೂರ ಜೋರ ಓಡಿದ ಮ್ಯಾಲ ನಿಲ್ಲತೈತಿ. ರೋಣದಾಗ ಚಹಾಕ್ಕ ನಿಲ್ಸಿ ಹ್ವಾದ ದಿನ ನಿಂತಿಲ್ಲ. ನಿಂತ ಮ್ಯಾಲ ಸುಮ್ನ ಬಿಟ್ರ ಬೀಡಿ ಸೇದೂದ್ರಾಗ ಚಾಲೂ ಆಗತೈತಿ. ಬೀಡಿ ಸೇದ್ಲಿಲ್ಲಂದ್ರೂ ಆಗತೈತಿ."

ಆಫ್ತಾಬ ನಕ್ಕುಬಿಟ್ಟ. ಪರಪ್ಪ, "ನಿನಗೇನ್ ಗೊತ್ತಾಗತೈತಿ, ಒಳಗ ನಡಿ," ಎಂದ.

"ಇರ್ಲಿ ಅಣ್ಣಾ, ಹೇಳ್ಲಿ. ನೀ ಸ್ಟೇರಿಂಗ್ ನೋಡ್ತಿ. ಪಕ್ಕದಾಗ ಕುಂತವ್ರಿಗೆ ಕೇಳಸ್ತೈತಿ." ಆಫ್ತಾಬ ಅವಳ ಕಡೆ ತಿರುಗಿದ. "ಅಕ್ಕಾರ, ನಿಲ್ಲೂಕಿಂತ ಮದಲ ಹ್ಯಾಂಗ ಸಪ್ಪಳಾ?"

"ಹಸದವ್ರ ಹಾಂಗ. ನಮ್ಮ ಬಚ್ಚಲದ ಕಿಂಡಿ ಕಟ್ಟಿದಾಗ ಆಗತೈತಲ್ಲ, ನೀರು ಜೋರ ಬಿಟ್ರ ಕಸ ಬಂದು ಕಿಂಡಿಗೆ ಕುಂಡ್ರತೈತಿ. ನೀರು ನಿಂತ್ರ ತಾನ ತೇಲಿ ಹೋಗತೈತಿ. ಆಮ್ಯಾಲ ಕಸ ಎಲ್ಲೈತೆಂದು ಹುಡುಕಿದ್ರ ಸಿಗಂಗಿಲ್ಲ."

ಆಫ್ತಾಬ ಚಹಾ ಕುಡಿದು ಮುಗಿಸಿದ. "ಹಂಗಾರ ಎಂಜಿನ್ ಬಿಡ್ರಿ, ಡೀಸೆಲ್ ಟಾಕಿ ನೋಡಬೇಕು. ಅದಕ್ಕ ಮದಲ ಒಂದು ಪರೀಕ್ಷಾ ಮಾಡೂಣು. ಟಾಕಿ ಬಿಟ್ಟು ಹೊರಗಿನ ಡೀಸೆಲ್ಲಿನ ಮ್ಯಾಲ ಓಡಿಸಿ ನೋಡೂಣು. ನಿಂತ್ರ ತಪ್ಪು ಎಂಜಿನ್ನಿಂದು. ನಿಲ್ಲಲಿಲ್ಲಂದ್ರ ಟಾಕಿದು."

ಮರುದಿನ ಬೆಳಿಗ್ಗೆ ಆಫ್ತಾಬ ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿ ಎರಡು ಉದ್ದ ಪೈಪು ಜೋಡಿಸಿದ. ಒಂದು ಎಂಜಿನ್ನಿಗೆ ಡೀಸೆಲ್ ಎಳೆದುಕೊಳ್ಳಲು, ಇನ್ನೊಂದು ಮಿಕ್ಕದ್ದನ್ನು ವಾಪಸು ತರಲು. ಎರಡನ್ನೂ ಆ ಅರ್ಧ ನಿಂತ ಗಾಜಿನ ಸಂದಿಯಿಂದ ಒಳಗೆ ತಂದ. ಮುಂದಿನ ಸೀಟಿನಲ್ಲಿ ಯಾರಾದರೂ ಕ್ಯಾನು ಅಲುಗದಂತೆ ಹಿಡಿದು ಕೂರಬೇಕು. ಶರತ ಮೂಗು ಮುಚ್ಚಿಕೊಂಡ. "ನನ್ನ ಅಂಗಿ ನಾರತೈತಿ. ವೈನಿ ಹಿಡಕೋತಾಳ ಬಿಡ್ರಿ."

"ಈಕಿ ಬ್ಯಾಡ," ಎಂದಳು ಸಕ್ಕೂಬಾಯಿ ಕಟ್ಟೆಯಿಂದ.

"ಮಾರಾಟಕ್ಕ ಹೊಂಟಿಲ್ಲಬೇ ಅವ್ವಾ. ಕೆಲಸಕ್ಕ," ಎಂದ ಪರಪ್ಪ. ಕೆಲಸವೆಂದ ಮೇಲೆ ಸಕ್ಕೂಬಾಯಿ ತನ್ನ ಎಲೆ ಅಡಿಕೆಯ ಕಡೆ ತಿರುಗಿದಳು.

ಅನ್ನಪೂರ್ಣ ಕೂಸನ್ನು ಹಿಡಿದಂತೆ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಆಫ್ತಾಬ ಹಿಂದೆ ಸಾಮಾನು ಹೇರುವ ಡಬ್ಬಿಯಲ್ಲಿ ಕಂಬಿ ಹಿಡಿದು ನಿಂತ. ರೋಣದಲ್ಲಿ ಚಹಾಕ್ಕೆ ನಿಲ್ಲಿಸಲಿಲ್ಲ. ಗುಂಡಿ ಬಂದಾಗಲೆಲ್ಲ ಡೀಸೆಲ್ ತುಳುಕಿ ಸೀರೆಗೆ, ಕುಪ್ಪಸಕ್ಕೆ ಹತ್ತಿತು. ವಾಸನೆಗೆ ತಲೆ ತಿರುಗಿತು. ಇದೊಂದು ಸೀಟಿನಲ್ಲಾದರೂ ಕೈ ಖಾಲಿ ಇರುತ್ತಿತ್ತು, ಈಗ ಅದೂ ಇಲ್ಲವೆಂದು ಅವಳಿಗೆ ಅನ್ನಿಸಿತು. ಆದರೂ ಅವಳು ಪೈಪಿನಲ್ಲಿ ಹರಿಯುವ ಡೀಸೆಲ್ಲನ್ನೇ ನೋಡುತ್ತಿದ್ದಳು. ಇವತ್ತು ನಿಲ್ಲಬಾರದು. ನಾನು ಕೂತಿದ್ದೇನೆ, ಇವತ್ತು ಇದು ನಿಲ್ಲಬಾರದು. ಯಾವಗಲ್ ಬಂತು. ಗಾಡಿ ಓಡಿತು. ಯಾವಗಲ್ ದಾಟಿತು. ತಿರುಗಿಸಿಕೊಂಡು ಅದೇ ವೇಗದಲ್ಲಿ ವಾಪಸು ಬಂದರು. ಸೂಡಿಯ ಕಡೆ ಹೋಗುವ ರಸ್ತೆಯ ಬಾಯಿಗೆ ಬಂದಾಗ ಪರಪ್ಪನೇ ಅಂದ, "ಒಮ್ಮೆಯೂ ಕೆಮ್ಮಲಿಲ್ಲ ನೋಡು."

"ನಾ ಕುಂತಿದ್ನಲ್ರಿ," ಎಂದಳು ಅನ್ನಪೂರ್ಣ.

ಅವನು ನಕ್ಕ. ಆ ನಗೆಯನ್ನು ಅವಳು ಒಪ್ಪಿಗೆ ಎಂದು ತಿಳಿದುಕೊಂಡಳು.

ಗ್ಯಾರೇಜಿನಲ್ಲಿ ಟಾಕಿ ಇಳಿಸಿದರು. ಡೀಸೆಲ್ ಬಸಿಯಲು ಅವಳ ಮನೆಯ ಬಚ್ಚಲ ಬಕೀಟೇ ಬಂದಿತ್ತು. ಆಫ್ತಾಬ ಟಾಕಿಯ ಬಾಯಿಗೆ ಬೆರಳು ಹಾಕಿ, "ಇಲ್ಲೆ ಕಸ ಸೋಸೂ ಜಾಳಗಿ ಇರಬೇಕಿತ್ತಲ್ಲ ಅಣ್ಣಾ?" ಎಂದ.

"ಅದನ್ನ ನಾನ ಕಿತ್ತು ಒಗದೇನಿ. ಕ್ಯಾನಿಲೆ ಹಾಕೂವಾಗ ಲಗೂ ಇಳೀತಿದ್ದಿಲ್ಲ."

ಆಫ್ತಾಬ ತಂತಿಯ ಕೊಕ್ಕೆ ಮಾಡಿ ಒಳಗೆ ಆಡಿಸಿದ. ಏನೋ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಎಳೆದಾಗ ಒಂದು ಕೆಂಪು ಬಟ್ಟೆಯ ಚಿಂದಿ ಬಂತು. ಒಂದು ಗಂಟು ಬಿಚ್ಚಿ ಹೋಗಿ, ಇನ್ನೊಂದು ಹಾಗೇ ಇತ್ತು. ಬಿಚ್ಚಿದ ತುದಿ ನೀರಿನಲ್ಲಿ ಬಿದ್ದ ಎಲೆಯ ಹಾಗೆ ಅಗಲವಾಗಿತ್ತು. "ಇದ ನೋಡ್ರಿ ಮತ್ತ. ಗಾಡಿ ಜೋರ ಎಳದಾಗ ಇದು ಹೋಗಿ ಪೈಪಿನ ಬಾಯಿಗೆ ಕುಂಡ್ರತಿತ್ತು. ನಿಂತಾಗ ಬಿಟ್ಟು ತೇಲ್ತಿತ್ತು. ಊರಾಗ ಸಾವಕಾಶ ಓಡಿಸಿದ್ರ ಅಲ್ಲಿತನಕಾ ಬರ್ತಿದ್ದಿಲ್ಲ. ಅಕ್ಕಾರು ಹೇಳಿದ್ದು ಬರೋಬ್ಬರಿ ಬಚ್ಚಲದ ಕಸಾನ."

ಉಳಿದ ಗಂಟನ್ನು ಬಿಚ್ಚಿದ. ಒಳಗೆ ಕಪ್ಪಗಾದ ಸಣ್ಣ ಎಲೆಗಳು.

ಯಾರೂ ಹೇಳಬೇಕಾಗಿರಲಿಲ್ಲ. ಮಗ್ಗದ ಮೇಲೆ ಉಳಿದ ಸೆರಗಿನ ಚಿಂದಿ, ಅದೇ ಎರಡು ಗಂಟು. ಮಹಾನವಮಿಗೆ ಗಾಡಿಯ ಪೂಜೆಯಾಗಿ, ಮರುದಿನ ಎಲ್ಲರೂ ಬನ್ನಿ ಕೊಡಲು ಹೋದಾಗ ಸಕ್ಕೂಬಾಯಿ ಮನೆಯಲ್ಲೇ ಉಳಿದಿದ್ದಳು. ಈಗ ಮನೆಯ ಹೊಟ್ಟೆ ತುಂಬಿಸುವುದು ಗಾಡಿ. ಅದರ ಹೊಟ್ಟೆಯೊಳಗೂ ಬಂಗಾರ ಇರಲಿ ಎಂದು ಟಾಕಿಯ ಮುಚ್ಚಳ ತೆಗೆದು ಹಾಕಿದ್ದಳು. ಜಾಳಿಗೆ ಇದ್ದಿದ್ದರೆ ಬಾಯಲ್ಲೇ ತಡೆದು ನಿಲ್ಲುತ್ತಿತ್ತು.

ಪರಪ್ಪ ಚಿಂದಿಯನ್ನು ನೋಡುತ್ತ ನಿಂತ. ಕಣ್ಣು ಒದ್ದೆಯಾದವು. "ಪಾಪ, ಅವ್ವ," ಎಂದ. "ನನ್ನ ಸಲುವಾಗಿ ಮಾಡ್ಯಾಳ ನೋಡು."

ದಾರಿಯಲ್ಲಿ ಅವನು ಹೇಳಿದ, "ಅವ್ವಗ ಹೇಳಬ್ಯಾಡ. ತನ್ನಿಂದ ಹಿಂಗಾತಂತ ಗೊತ್ತಾದ್ರ ಜೀವಾ ಸಣ್ಣ ಮಾಡ್ಕೋತಾಳ."

"ಹೇಳಂಗಿಲ್ಲ. ನನ್ನಿಂದ ಅಲ್ಲ ಅಂತ ಅಷ್ಟ ನೀವು ಹೇಳ್ರಿ."

"ನಿನ್ನಿಂದ ಅಲ್ಲ ಅಂದ್ರ ಮತ್ತ ಯಾತರಿಂದ ಅಂತ ಕೇಳ್ತಾಳಲ್ಲ?"

ತಾಯಿಯ ಮನಸ್ಸು ನೋಯಬಾರದೆಂದರೆ ಹೆಂಡತಿಯ ಮೇಲಿನ ಮಾತು ಹಾಗೇ ಇರಬೇಕು. ಅವನಿಗೆ ಅದು ಲೆಕ್ಕಕ್ಕೆ ಬರುವ ಭಾರವಾಗಿ ಕಾಣಲಿಲ್ಲ. ಮನೆಯಲ್ಲಿ ಅವನು ಹೇಳಿದ್ದು ಇಷ್ಟೇ: "ಟಾಕ್ಯಾಗ ಕಸ ಇತ್ತು, ತಗಸೇನಿ."

ಅನ್ನಪೂರ್ಣ ಬಕೀಟನ್ನು ಬೂದಿ ಹಾಕಿ ತಿಕ್ಕಿದಳು, ಸಾಬಾನು ಹಾಕಿ ತಿಕ್ಕಿದಳು. ತನ್ನ ಸೀರೆ ನೆನೆಹಾಕಿದಳು. ಆ ಕೆಂಪು ಚಿಂದಿಯನ್ನೂ ಒಗೆದು ಹಿತ್ತಲಲ್ಲಿ ಒಣಹಾಕಿ, ಮಡಚಿ, ಕಂಡಿಕೆಯ ಬುಟ್ಟಿಯ ತಳಕ್ಕೆ ಇಟ್ಟಳು.

ಸಂತೆಯ ದಿನ ಬೆಳಗಾಗುತ್ತಲೇ ತಯಾರಾದಳು. ಪರಪ್ಪ ಹೊರಗೆ ಗಾಡಿಯ ಹಗ್ಗ ಬಿಗಿಯುತ್ತಿದ್ದ. ಮುಂದಿನ ಸೀಟಿನಲ್ಲಿ ಆಗಲೇ ಶರತ ಕೂತಿದ್ದ.

"ಇದೊಂದು ಸಂತಿ ಅವನ ಬರ್ಲಿ," ಎಂದ ಪರಪ್ಪ, ಅವಳ ಮುಖ ನೋಡದೆ. "ಗಾಡಿ ಬರೋಬ್ಬರಿ ಆತೋ ಇಲ್ಲೋ ನೋಡೂಣು."

ಗಾಡಿ ಬರೋಬ್ಬರಿ ಆಗಿತ್ತು. ಅವತ್ತು ನಿಲ್ಲಲಿಲ್ಲ, ಮುಂದಿನ ಸಂತೆಗೂ ನಿಲ್ಲಲಿಲ್ಲ, ಅದರ ಮುಂದೆಯೂ ಇಲ್ಲ. ಸಕ್ಕೂಬಾಯಿ ನೆರೆಯವರಿಗೆ ಕೇಳುವಂತೆ ಹೇಳಿದಳು, "ಈಕಿ ಹತ್ತೂದು ಬಿಟ್ಳು, ಗಾಡಿ ನಿಲ್ಲೂದು ಬಿಡ್ತು. ಕಸ ಅಂತ ಕಸ! ಮೇಸ್ತ್ರಿ ಏನರೆ ಹೇಳಬೇಕಲ್ಲ."

ಅವತ್ತು ಅನ್ನಪೂರ್ಣ ಬುಟ್ಟಿಯ ತಳದಿಂದ ಚಿಂದಿ ತೆಗೆದಳು. ಎಣ್ಣೆ ತಿಕ್ಕಲು ಕೂತಾಗ ಅತ್ತೆಯ ತೊಡೆಯ ಮೇಲೆ ಇಟ್ಟಳು. ಎಷ್ಟು ಒಗೆದರೂ ಡೀಸೆಲ್ ವಾಸನೆ ಹೋಗಿರಲಿಲ್ಲ.

"ಅತ್ತಿ, ಟಾಕ್ಯಾಗಿನ ಕಸ ಇದ. ಪೈಪಿಗೆ ಕುಂತು ಗಾಡಿ ನಿಲ್ಲಸ್ತಿತ್ತು. ನಾ ಅಲ್ಲ."

ಸಕ್ಕೂಬಾಯಿ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ಸವರಿದಳು. ಮುಖದ ಮೇಲೆ ಒಂದು ಗಳಿಗೆ ಏನೋ ಹಾದುಹೋಯಿತು. ಅನ್ನಪೂರ್ಣ ಕಾದಳು. ಮುದುಕಿ ಅತ್ತರೆ ಸಮಾಧಾನ ಮಾಡಲೂ ತಯಾರಾಗಿದ್ದಳು.

"ಇದ ನಿಲ್ಲಸ್ತಿತ್ತೇನು?" ಎಂದಳು ಸಕ್ಕೂಬಾಯಿ ನಿಧಾನವಾಗಿ.

"ಹೌದ್ರಿ ಅತ್ತಿ."

"ಅಂತೀನಿ ನಾನು, ಯಾಕ ಹಂಗ ನಡು ದಾರ್ಯಾಗ ನಿಲ್ತಿತ್ತಂತ." ಚಿಂದಿಯನ್ನು ಕಣ್ಣಿಗೆ ಒತ್ತಿಕೊಂಡಳು. "ನೀ ಕುಂತಾಗ ಎಲ್ಲಿ ಗಾಡಿ ಪಲ್ಟಿ ಹೊಡೀತಿತ್ತೋ, ಏನ್ ಆಗೂದಿತ್ತೋ. ಇದ ಮುಂದ ಹೋಗಗೊಡ್ಲಿಲ್ಲ. ನನ್ನ ಮಗನ್ನ ಉಳಸ್ತು."

ಅನ್ನಪೂರ್ಣಳ ಕೈ ಎಣ್ಣೆಯ ಬಟ್ಟಲಲ್ಲೇ ಇತ್ತು. ಅತ್ತೆ ಕಾಲು ಚಾಚಿದಳು. ಅವಳು ತಿಕ್ಕಿದಳು.

ಬಿಸಿಲು ಏರುವ ಮೊದಲೇ ರೊಟ್ಟಿ ಬಡಿದು ಮುಗಿಸಬೇಕಾದ ಬೇಸಿಗೆ ಬಂತು. ಒಂದು ಸಂಜೆ ಪರಪ್ಪ ಸಂತೆಯಿಂದ ಬಂದವನು ಅವಳು ಸಂತೆಯಲ್ಲಿ ಬಿಟ್ಟುಬಂದಿದ್ದ ಗೋಣಿತಟ್ಟನ್ನು ಸುರುಳಿ ಸುತ್ತಿ ತಂದಿದ್ದ. "ಮಾಬೂಬಿ ಕೊಟ್ಟಾಳ. ಶರತ ಗಾಡ್ಯಾಗಿಂದನ ಮಾರ್ತಾನ, ಗಿಡದ ಕೆಳಗ ಕುಂಡ್ರಂಗಿಲ್ಲ. ಅಲ್ಲೆ ಪ್ಲಾಸ್ಟಿಕ್ ಬಕೀಟಿನವ ಬಂದು ಕುಂತಾನಂತ. 'ಎಷ್ಟಂತ ಜಗಳಾಡ್ಲಿ, ನನ್ನ ಜಾಗಾನ ಅರ್ಧ ಹೋತು, ಅನ್ನಪೂರ್ಣಕ್ಕಗ ಸಿಟ್ಟಾಗಬ್ಯಾಡ ಅಂತ ಹೇಳ್ರಿ' ಅಂದ್ಳು."

ಗೋಣಿತಟ್ಟಿನ ಮಡಿಕೆಯಲ್ಲಿ ಒಂದು ಜೊತೆ ಹಸಿರು ಬಳೆ ಇತ್ತು. ಅನ್ನಪೂರ್ಣ ಬಳೆಯನ್ನು ಗೂಟಕ್ಕೆ ಹಾಕಿದಳು. ತಟ್ಟನ್ನು ಝಾಡಿಸಿ ಜೋಳದ ಡಬ್ಬಿಯ ಕೆಳಗೆ ಹಾಸಿದಳು. ನೆಲದ ತಂಪಿಗೆ ತುಕ್ಕು ಹಿಡಿಯದಿರಲಿ ಎಂದು ಡಬ್ಬಿಗೆ ಏನಾದರೂ ಹಾಸಬೇಕಾಗಿತ್ತು.

ಅವಳಿಗೀಗ ಸಂತೆಯ ದಿನವೂ ಉಳಿದ ದಿನಗಳ ಹಾಗೆಯೇ. ಬೆಳಿಗ್ಗೆ ಗಾಡಿ ಓಣಿಯ ತಿರುವು ದಾಟಿ ರೋಣ ರಸ್ತೆಗೆ ಹತ್ತುವ ಸಪ್ಪಳ ಒಳಮನೆಗೆ ಕೇಳಿಸುತ್ತದೆ. ಮೊದಲೆಲ್ಲ ಆ ಸೀಟಿನಲ್ಲಿ ಕೂತು, ನಿಲ್ಲದಿರಲಿ, ಇವತ್ತೊಂದು ದಿನ ನಿಲ್ಲದಿರಲಿ ಎಂದು ಎಂಜಿನ್ನಿಗೆ ಕಿವಿಗೊಡುತ್ತಿದ್ದಳು. ಈಗ ಕಂಡಿಕೆ ಸುತ್ತುವ ರಾಟಿಯ ಕೈ ತಡೆದು, ನೂಲನ್ನು ಬೆರಳಲ್ಲಿ ಹಿಡಿದು, ಅದೇ ಸಪ್ಪಳಕ್ಕೆ ಕಿವಿಗೊಡುತ್ತಾಳೆ. ಒಂದು ಸಲ ಎಳೆಯಲಿ, ಒಂದು ಸಲ ಜಗ್ಗಾಡಲಿ, ಎಲ್ಲಾದರೂ ಹೋಗಿ ನಿಲ್ಲಲಿ.

ಗಾಡಿ ನಿಲ್ಲುವುದಿಲ್ಲ. ಆಫ್ತಾಬ ಚಲೋ ಕೆಲಸಗಾರ. ಟಾಕಿಯ ಬಾಯಿಗೆ ಹೊಸ ಜಾಳಿಗೆ ಸಹ ಹಾಕಿಕೊಟ್ಟಿದ್ದಾನೆ. ಸಪ್ಪಳ ಒಂದೇ ಸಮ ದೂರವಾಗಿ, ತೆಳ್ಳಗಾಗಿ, ಕೇಳದಾಗುತ್ತದೆ. ಆಗ ಅವಳು ರಾಟಿ ತಿರುಗಿಸುತ್ತಾಳೆ. ಶರತ ಹೋದ ದಿನ ಮಗ್ಗ ಖಾಲಿ ಇರಬಾರದೆಂದು ಅದರ ಮೇಲೂ ಈಗ ಅವಳೇ ಕೂರಬೇಕು.